ತಾಗಿತು ಅಲ್ಲ, ತಾಗಿಸಿದರು

ಜನವರಿ 9

ಪ್ರೀತಿಯ ಚಿಕ್ಕಮ್ಮ,

ಫೋನಿನಲ್ಲಿ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧ ನೀನೇ ಊಹಿಸಿಕೊಂಡು ಅಮ್ಮನಿಗೆ ವರದಿ ಒಪ್ಪಿಸುತ್ತೀ. ಕಳೆದ ಸಲ ನಾನು ಕೆಮ್ಮು ಅಂದದ್ದು ನಿನ್ನ ಬಾಯಲ್ಲಿ ಎಮ್ಮೆ ಆಯಿತು. ನಾನು ಕೆಲಸ ಬಿಟ್ಟು ಎಮ್ಮೆ ಸಾಕಲು ಹೊರಟಿದ್ದೇನೆ ಅಂತ ಅಮ್ಮ ಎರಡು ದಿನ ಅತ್ತಳಂತೆ. ಅದಕ್ಕೇ ಇನ್ನು ಮೇಲೆ ಕಾಗದ ಬರೆಯುತ್ತೇನೆ.

ನೀನು ದುಡಿದ ಬಟ್ಟೆ ಮಿಲ್ಲಿಗೇ ನಾನೂ ಸೇರಿ ಏಳು ತಿಂಗಳಾಯಿತು. ಬಟ್ಟೆ ಪರೀಕ್ಷೆ ಮಾಡುವ ದೊಡ್ಡ ಹಾಲು ನೀನು ಹೇಳಿದ ಹಾಗೇ ಇದೆ. ಹನ್ನೆರಡು ಓರೆ ಮೇಜು, ಗಾಜಿನ ಕೆಳಗೆ ದೀಪ, ಮೇಲಿಂದ ಇಳಿದು ಬರುವ ಬಟ್ಟೆ. ನೂಲು ಕಡಿದಿದ್ದರೆ, ಎಣ್ಣೆ ಕಲೆ ಕಂಡರೆ, ಅಂಚಿಗೆ ಕೆಂಪು ನೂಲು ಕಟ್ಟಿ ದೋಷದ ಪುಸ್ತಕದಲ್ಲಿ ಬರೆಯುವುದು. ನನ್ನ ಅಕ್ಷರ ನಿನ್ನ ಅಕ್ಷರದ ಹಾಗೇ ಕಾಗೆ ಕಾಲು ಅಂತ ಹಳಬರು ನಗುತ್ತಾರೆ.

ಹೋದ ವಾರ ನನಗೆ ಕಿಟಕಿಯ ಮೇಜು ಸಿಕ್ಕಿತು, ಹನ್ನೆರಡನೆಯದು. ನೀನು ಕೊನೆಯ ಹನ್ನೊಂದು ವರ್ಷ ಕೂತದ್ದು ಅಲ್ಲೇ ಅಲ್ಲವೇ? ಬೆಳಕು ಅಂದರೆ ಬೆಳಕು, ಕಣ್ಣು ಉರಿಯುವುದೇ ಇಲ್ಲ. ಎಲ್ಲರಿಗೂ ಹೊಟ್ಟೆಕಿಚ್ಚು. ಆದರೆ ಪಕ್ಕದಲ್ಲಿ ಬಟ್ಟೆಯ ಸುರುಳಿಗಳನ್ನು ಆಳೆತ್ತರ ಪೇರಿಸಿದ್ದಾರೆ, ಆ ಮೂಲೆ ಹಾಲಿನವರಿಗೆ ಕಾಣುವುದೇ ಇಲ್ಲ. ಭುಜ ಬಿಗಿಯುತ್ತದೆ. ಆ ಮೇಜಿನ ಹತ್ತಿರ ಹೇಗೆ ಕೂತರೆ ಬೆನ್ನ ಹಿಂದೆ ಯಾರೂ ಬಂದು ನಿಲ್ಲಲು ಆಗುವುದಿಲ್ಲ? ನೀನು ಹೇಗೆ ಕೂರುತ್ತಿದ್ದೆ, ಬರೆ.

ನಿನ್ನ
ಪಟಪಟಿ

ಜನವರಿ 17

ಪಟಪಟಿ,

ಕಾಗದ ತಲುಪಿತು. ಎಮ್ಮೆಯ ವಿಷಯ ನೀನೇ ಸರಿಯಾಗಿ ಉಚ್ಚರಿಸಲಿಲ್ಲ, ನನ್ನ ಕಿವಿಯ ತಪ್ಪೇನಿಲ್ಲ. ಮಗ್ಗದ ಮನೆಯಲ್ಲಿ ಹದಿನಾಲ್ಕು ವರ್ಷ ದುಡಿದ ಕಿವಿ ಇದು, ಇಷ್ಟಾದರೂ ಉಳಿದಿದೆಯಲ್ಲ ಅಂತ ಸಂತೋಷಪಡು.

ಭುಜ ಬಿಗಿಯುವುದು ಸ್ಟೂಲಿನ ದೋಷ. ಮೊಣಕೈ ಮೇಜಿನ ಅಂಚಿಗೆ ಸಮ ಬರಬೇಕು. ನೀನು ಗಿಡ್ಡಿ, ಕೆಳಗೊಂದು ಹಲಗೆ ಇಟ್ಟುಕೋ. ಹಿಂದೆ ಯಾರಾದರೂ ನಿಂತರೆ ಬೆಳಕಿಗೆ ಅಡ್ಡವಾಗುತ್ತದೆ ಅಂತ ತಾನೆ ನಿನ್ನ ತಕರಾರು? ಸ್ಟೂಲನ್ನು ಒಂದು ಗೇಣು ಎಡಕ್ಕೆ ಸರಿಸು, ನೆರಳು ಬೀಳುವುದಿಲ್ಲ. ಕಿಟಕಿಯ ಮೇಜು ಸಿಗುವುದು ಸುಲಭವಲ್ಲ, ಸಣ್ಣಪುಟ್ಟದ್ದಕ್ಕೆ ಗೊಣಗಿ ಕಳೆದುಕೊಳ್ಳಬೇಡ.

ಪುಸ್ತಕ ಬರೆಯುವಾಗ ನಾನು ಹೇಳಿಕೊಟ್ಟದ್ದು ನೆನಪಿರಲಿ. ಕಲೆ ಬರೆ, ಕೈ ಬರೆಯಬೇಡ. ಎಲ್ಲಿ, ಎಷ್ಟು ಇಂಚು, ಎಷ್ಟು ಹೊತ್ತಿಗೆ ಅನ್ನುವುದು ನಮ್ಮ ಕೆಲಸ. ಯಾರ ಮಗ್ಗದಿಂದ ಬಂತು, ಯಾರ ಕೈ ಕೊಳೆ ಅನ್ನುವುದು ಮೇಲಿನವರ ಪಾಡು. ಹೆಸರು ಬರೆದ ಪರೀಕ್ಷಕಿ ಆ ಮಿಲ್ಲಿನಲ್ಲಿ ಬಾಳಿಲ್ಲ.

ಟೇಪು ಇನ್ನೂ ಇದ್ದಾನಾ? ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಹುಟ್ಟಿದವನ ಹಾಗೆ ತಿರುಗುತ್ತಿದ್ದ. ಸೂಪರ್‌ವೈಸರ್ ಆದಾಗ ತಲೆತುಂಬ ಕೂದಲಿತ್ತು.

ನಿನ್ನ ಚಿಕ್ಕಮ್ಮ

ಫೆಬ್ರವರಿ 3

ಪ್ರೀತಿಯ ಚಿಕ್ಕಮ್ಮ,

ಸ್ಟೂಲು ಸರಿಸಿದೆ, ಹಲಗೆ ಇಟ್ಟೆ. ದೋಷ ಸ್ಟೂಲಿನದ್ದಲ್ಲ. ಸುತ್ತಿ ಬಳಸಿ ಬರೆದದ್ದು ನನ್ನ ತಪ್ಪು, ನೇರವಾಗಿ ಹೇಳುತ್ತೇನೆ. ಅಮ್ಮನಿಗೆ ಹೇಳಬೇಡ, ಗಂಟುಮೂಟೆ ಕಟ್ಟಿಸಿ ಕರೆಸಿಕೊಂಡುಬಿಡುತ್ತಾಳೆ.

ಟೇಪು ಇದ್ದಾನೆ. ನಾನು ತಲೆ ಬಗ್ಗಿಸಿ ಬಟ್ಟೆ ನೋಡುತ್ತಿರುವಾಗ ಹಿಂದಿನಿಂದ ಬರುತ್ತಾನೆ. ಕೊರಳ ಟೇಪು ತೆಗೆದು ನನ್ನ ಎರಡೂ ಪಕ್ಕದಿಂದ ಕೈ ಚಾಚಿ, ಮೇಜಿನ ಮೇಲಿನ ಬಟ್ಟೆಯ ಅಗಲ ಅಳೆಯುತ್ತಾನೆ. ನಡುವೆ ನಾನು. ಗಲ್ಲ ನನ್ನ ಕಿವಿಯ ಹತ್ತಿರ. "ಅಗಲ ನೋಡ್ತಿದ್ದೀನಿ ಕಣಮ್ಮ, ನೀನು ನಿನ್ನ ಕೆಲಸ ಮಾಡು" ಅನ್ನುತ್ತಾನೆ. ಮಗ್ಗದಿಂದ ಬಿದ್ದ ಬಟ್ಟೆಯ ಅಗಲ ದಿನಕ್ಕೆ ನಾಲ್ಕು ಸಲ ಬದಲಾಗುತ್ತದಾ? ಮೊದಲು ಭುಜ, ಆಮೇಲೆ ಬೆನ್ನು, ಈಗ ಸೊಂಟ. ನಾನು ಎದ್ದರೆ "ಏನಮ್ಮ, ಅಷ್ಟು ನಾಜೂಕಾ?" ಅಂತ ಹಾಲಿಗೆಲ್ಲ ಕೇಳುವ ಹಾಗೆ ನಗುತ್ತಾನೆ. ಎಲ್ಲರೂ ನಗುತ್ತಾರೆ. ಸುರುಳಿಗಳ ಸಂದಿನಿಂದ ನನ್ನ ಮೇಜು ಕಾಣುವ ಹನ್ನೊಂದನೇ ಮೇಜಿನ ಅಕ್ಕ ಮಾತ್ರ ನಗುವುದಿಲ್ಲ, ಆದರೆ ತಲೆಯೂ ಎತ್ತುವುದಿಲ್ಲ.

ಮೊನ್ನೆ ನಾನು ಅವನ ಕೈ ತಳ್ಳಿದೆ. ಅವನಿಗೆ ಕೋಪ ಬರಲಿಲ್ಲ. "ನಿಮ್ಮ ಚಿಕ್ಕಮ್ಮ ನಿನ್ನ ಹಾಗಲ್ಲ. ಬುದ್ಧಿವಂತೆ. ಹೊಂದಿಕೊಂಡು ಹೋದ್ರು, ಈ ಕಿಟಕಿ ಪಕ್ಕ ಹಾಯಾಗಿ ಕೂತ್ರು" ಅಂದ.

ಏನು ಹಾಗಂದರೆ? ನಿನಗೂ ಹೀಗೆ ಮಾಡಿದ್ದನಾ? ಮಾಡಿದ್ದರೆ ನನ್ನ ಹತ್ತಿರ ನಾಚಿಕೆ ಬೇಡ. ನಿನ್ನ ಮೇಲೆ ಕೈ ಇಟ್ಟಿದ್ದರೆ ಆ ಲೆಕ್ಕವನ್ನೂ ಸೇರಿಸಿ ತೀರಿಸುತ್ತೇನೆ.

ಪಟಪಟಿ

ಫೆಬ್ರವರಿ 12

ಪುಟ್ಟ,

ನಿನ್ನ ಕಾಗದ ಓದಿ ಮನಸ್ಸು ಕಲಕಿತು. ಆತುರ ಬೇಡ. ಅವನಿಗೆ ನಿವೃತ್ತಿಗೆ ಇನ್ನು ಒಂದು ವರ್ಷ ಇರಬಹುದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತದೆ. ಮೇಜು ಬದಲಿಸಿಕೊಡಿ ಅಂತ ಕೇಳು, ಕಾರಣ ಹೇಳಬೇಡ, ಕಿಟಕಿಯ ಗಾಳಿಗೆ ನೆಗಡಿ ಅನ್ನು. ಅಂಗಿಯ ತೋಳಿಗೊಂದು ಪಿನ್ನು ಚುಚ್ಚಿಕೊಂಡಿರು. ದೂರು ಗೀರು ಅಂತ ಹೋದರೆ ನಿನ್ನ ಹೆಸರೇ ಊರೆಲ್ಲ ಆಗುತ್ತದೆ. ಅಂಥವು ಹಿಂದೆಯೂ ಆಗಿವೆ, ಯಾವುದೂ ನಿಂತಿಲ್ಲ.

ನಿನ್ನ ಅಮ್ಮ ನಮ್ಮ ಕಾಗದಗಳನ್ನು ಕಂಡು ಯಾವುದೋ ಹುಡುಗನ ವಿಷಯ ಅಂದುಕೊಂಡು ಒಳಗೊಳಗೇ ಖುಷಿಯಾಗಿದ್ದಾಳೆ. ನಾನೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಚಿಕ್ಕಮ್ಮ

ಫೆಬ್ರವರಿ 22

ಚಿಕ್ಕಮ್ಮ,

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಪಿನ್ನು ಚುಚ್ಚಿಕೊಳ್ಳಲು ಹೇಳಿದೆ. ನೆಗಡಿ ಅನ್ನಲು ಹೇಳಿದೆ. ನನಗೆ ನೆಗಡಿ ಇಲ್ಲ ಚಿಕ್ಕಮ್ಮ, ಸಿಟ್ಟು ಬಂದಿದೆ. ನಾನು ಇಷ್ಟಪಟ್ಟು ಕಲಿತ ಕೆಲಸ ಇದು. ಇದನ್ನು ಅವನಿಗೆ ಬಿಟ್ಟುಕೊಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ.

ದೂರು ಕೊಟ್ಟೆ. ಮಿಲ್ಲಿನಲ್ಲಿ ಈಗ ದೂರು ಸಮಿತಿ ಇದೆ. ಆಫೀಸಿನ ಇಬ್ಬರು, ಹೊರಗಿನವರು ಒಬ್ಬರು. ಮೂರು ಪುಟ ಬರೆದು ಕೊಟ್ಟೆ. ನಾಲ್ಕನೇ ದಿನಕ್ಕೆ ಅದು ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ, "ಯಾರ ವಿರುದ್ಧ ಎಂದು ತಿಳಿದುಬಂದಿಲ್ಲ" ಅಂತ.

ನಾನು ಮತ್ತೆ ಓದಿ ನೋಡಿದೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ತಾರೀಕು ಇತ್ತು, ಗಂಟೆ ಇತ್ತು, ಮೇಜಿನ ಸಂಖ್ಯೆ ಇತ್ತು. "ಎಡ ಭುಜದಿಂದ ನಾಲ್ಕು ಇಂಚು ಕೆಳಗೆ ಕೈ ಬಿತ್ತು" ಅಂತ ಬರೆದಿದ್ದೆ. "ಸೊಂಟಕ್ಕೆ ಟೇಪು ತಾಗಿತು, ಹನ್ನೊಂದು ಗಂಟೆ ಹತ್ತು ನಿಮಿಷ." ಮೂರು ಪುಟದಲ್ಲಿ ಒಂದೇ ಒಂದು ಕಡೆ ಅವನ ಹೆಸರಿಲ್ಲ! ಕೈ ತಾನಾಗಿ ಬೀಳುತ್ತದೆ, ಟೇಪು ತಾನಾಗಿ ತಾಗುತ್ತದೆ. ನಿನ್ನ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದೇನೆ ನೋಡು. ನನ್ನ ಮೈಯನ್ನೇ ದೋಷದ ಪುಸ್ತಕದಲ್ಲಿ ಬರೆದ ಹಾಗೆ ಬರೆದಿದ್ದೆ.

ಮತ್ತೆ ಬರೆದೆ. ಈ ಸಲ ಪ್ರತಿ ಸಾಲಿನ ಮೊದಲಲ್ಲಿ ಅವನ ಹೆಸರು. ಮಾರನೇ ದಿನವೇ ನನ್ನನ್ನು ತುಂಡು ಬಟ್ಟೆಯ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿ ಇಲ್ಲ, ಜೊತೆಗೂ ಯಾರೂ ಇಲ್ಲ. "ತನಿಖೆ ಮುಗಿಯೋವರೆಗೆ ನಿಮ್ಮ ಒಳ್ಳೇದಕ್ಕೇ" ಅಂದರು. ನನ್ನ ಒಳ್ಳೆಯದಕ್ಕೆ ನನ್ನನ್ನೇ ಯಾಕೆ ಸಾಗಿಸಬೇಕು, ಅವನನ್ನು ಸಾಗಿಸಿ ಅಂದೆ.

ಹನ್ನೊಂದನೇ ಮೇಜಿನ ಅಕ್ಕನನ್ನು ಸಾಕ್ಷಿ ಹೇಳು ಅಂತ ಕೇಳಿದೆ. "ನನ್ನ ಗಂಡ ಇದೇ ಮಿಲ್ಲಲ್ಲಿದ್ದಾರೆ ಕಣೇ" ಅಂದು ಕಣ್ಣು ಒರೆಸಿಕೊಂಡಳು. ಸಾಕ್ಷಿ ಇಲ್ಲದಿದ್ದರೆ ದೂರು ಬಿದ್ದು ಹೋಗುತ್ತದಂತೆ, ಆಮೇಲೆ ನನ್ನ ಕೆಲಸವೂ. ನೀನಾದರೂ ಎರಡು ಸಾಲು ಬರೆ.

ಪಟಪಟಿ

ಮಾರ್ಚ್ 14

ಚಿಕ್ಕಮ್ಮನವರಿಗೆ,

ಮೂರು ವಾರವಾಯಿತು, ನಿಮ್ಮಿಂದ ಕಾಗದ ಇಲ್ಲ. ಯಾಕೆ ಅಂತ ನಿನ್ನೆ ಗೊತ್ತಾಯಿತು.

ವಿಚಾರಣೆಗೆ ಕರೆದಿದ್ದರು. ಮ್ಯಾನೇಜರ್ ಒಂದು ಹಳೆಯ ಫೈಲು ತಂದು ಮೇಜಿನ ಮೇಲೆ ಇಟ್ಟರು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಮನುಷ್ಯನ ಮೇಲೆ ಬಟ್ಟೆಯ ತೂತಿಗೆ ರಫು ಮಾಡುವವಳೊಬ್ಬಳು ದೂರು ಕೊಟ್ಟಿದ್ದಳಂತೆ. "ಆಗಲೂ ಸುಳ್ಳು ಅಂತ ಸಾಬೀತಾಗಿದೆ, ಪಾಪ ಈ ಮನುಷ್ಯನಿಗೆ ಇದೇ ಗೋಳು" ಅಂದರು. ಸಾಕ್ಷಿಯ ಹೇಳಿಕೆಯನ್ನು ನನ್ನ ಕಡೆ ತಿರುಗಿಸಿದರು. ಒಂದೇ ಸಾಲು. "ನನ್ನ ಕಣ್ಣಿಗೆ ಏನೂ ಬೀಳಲಿಲ್ಲ." ಕೆಳಗೆ ಸಹಿ. ಆ ಕಾಗೆ ಕಾಲು ಯಾರದ್ದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನೂರು ಮೀಟರಿನಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುತ್ತಿದ್ದ ಕಣ್ಣು ನಿಮ್ಮದು. ನಾನು ಹೊಲಿದ ಲಂಗದಲ್ಲಿ ಒಂದು ಹೊಲಿಗೆ ವಾರೆಯಾದರೆ ಬಾಗಿಲಿನಿಂದಲೇ ಹೇಳುತ್ತಿದ್ದಿರಿ.

ನಿಮ್ಮ ಮೇಲೂ ಕೈ ಇಟ್ಟಿದ್ದನೇನೋ ಅಂತ ನಾನು ಒಂದು ತಿಂಗಳು ನಿಮಗಾಗಿ ಮರುಗಿದೆ. ದಡ್ಡಿ ನಾನು.

ನಿಮ್ಮ ಅಕ್ಕನ ಮಗಳು

ಮಾರ್ಚ್ 27

ಚಿಕ್ಕಮ್ಮನವರಿಗೆ,

ಉತ್ತರ ಬರುತ್ತದೆ ಅಂತ ಬರೆಯುತ್ತಿಲ್ಲ. ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ, ಆ ಕೋಣೆಯಲ್ಲಿ ತುಂಡು ಬಟ್ಟೆಗಳ ಜೊತೆ ಮಾತಾಡಿ ಸಾಕಾಗಿದೆ. ಹೊರಗೆ ಬಂದರೆ ಪಿಸುಪಿಸು. ಕಿಟಕಿ ಮೇಜು ಗಿಟ್ಟಿಸಿಕೊಳ್ಳುವವರೆಗೆ ಸುಮ್ಮನಿದ್ದು ಆಮೇಲೆ ನಾಟಕ ಶುರು ಮಾಡಿದಳಂತೆ ನಾನು.

ಎರಡನೇ ವಿಚಾರಣೆ ಮುಗಿಯಿತು. ಟೇಪು ಈ ಸಲ ಮೆತ್ತಗಾಗಿದ್ದ. "ಜಾಗ ಇಕ್ಕಟ್ಟು ಮೇಡಂ, ಕೆಲಸದಲ್ಲಿ ಕೈ ತಾಗಿರಬಹುದು. ನನ್ನ ಮಗಳ ವಯಸ್ಸಿನವಳು" ಅಂದ. ಗುಮಾಸ್ತ ಬರೆದುಕೊಂಡ. ಕೊನೆಗೆ ನನ್ನ ಹೇಳಿಕೆ ಅಂತ ಓದಿದ. "ಕೈ ತಾಗಿತು ಎಂದು ದೂರುದಾರರು ತಿಳಿಸಿದರು." ಸಹಿ ಮಾಡಿ ಅಂದ.

ನಾನು ಮಾಡಲಿಲ್ಲ. "ತಾಗಿತು ಅಲ್ಲ, ತಾಗಿಸಿದರು ಅಂತ ಬರೀರಿ" ಅಂದೆ.

"ಎರಡೂ ಒಂದೇ ಅಲ್ವೇನಮ್ಮ? ಒಂದೆರಡು ಅಕ್ಷರ" ಅಂದ.

"ಒಂದೇ ಆದ್ರೆ ಬರಿಯೋಕೆ ನಿಮಗೇನು ಕಷ್ಟ? ಬೇಕಾದ್ರೆ ಮರ್ಯಾದೆ ಕೊಟ್ಟೇ ಬರೀರಿ, ತಾಗಿಸಿದರು ಅಂತ. ನಂಗೆ ಅಭ್ಯಂತರ ಇಲ್ಲ. ಆದ್ರೆ ಆ ‘ಸಿ’ ಇಲ್ದೆ ನನ್ನ ಸಹಿ ಇಲ್ಲ."

ಮ್ಯಾನೇಜರ್ ಗಡಿಯಾರ ನೋಡಿದರು. ಇಷ್ಟಕ್ಕೆಲ್ಲ ಸಮಯ ಹಾಳು ಅಂದರು. ಆಗ ಹೊರಗಿನ ಸದಸ್ಯೆ ಮೊದಲ ಸಲ ಬಾಯಿ ಬಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವರಂತೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಒಂದರಲ್ಲಿ ಮಾಡಿದವರಿಲ್ಲ, ಇನ್ನೊಂದರಲ್ಲಿ ಇದ್ದಾರೆ. ಅದನ್ನ ತಿಳ್ಕೊಳ್ಳೋಕೇ ನಾವಿಲ್ಲಿ ಕೂತಿರೋದು" ಅಂದರು. ಗುಮಾಸ್ತ ಮುಖ ಹುಳ್ಳಗೆ ಮಾಡಿಕೊಂಡು ‘ಸಿ’ ಸೇರಿಸಿದ.

ಆದರೆ ಅಷ್ಟಕ್ಕೆ ಗೆದ್ದೆ ಅಂತಲ್ಲ. ಆಮೇಲೆ ಅವರೇ ನನ್ನನ್ನು ಹೊರಗೆ ಕರೆದು ಹೇಳಿದರು: ಹಳೆಯ ಫೈಲು ಅಡ್ಡ ಬಂದಿದೆ. ಅದು ಸುಳ್ಳು ದೂರು ಅಂತಲೇ ಉಳಿದರೆ ನಿನ್ನದೂ ಅದೇ ಸಾಲಿಗೆ ಸೇರುತ್ತದೆ. ಏಪ್ರಿಲ್ ಇಪ್ಪತ್ತಕ್ಕೆ ಕೊನೆಯ ವಿಚಾರಣೆ.

ನಾನು ಯಾರನ್ನೂ ಬೇಡುವುದಿಲ್ಲ. ತಾರೀಕು ನಿಮಗೆ ಗೊತ್ತಿರಲಿ ಅಂತ ಬರೆದೆ.

ಏಪ್ರಿಲ್ 4

ಪಟಪಟಿ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ "ಆಗ ಪರಿಸ್ಥಿತಿ ಹಾಗಿತ್ತು" ಅಂತ ಶುರುವಾಗುತ್ತಿತ್ತು. ಪರಿಸ್ಥಿತಿ ಯಾರ ಕೈಯನ್ನೂ ಹಿಡಿದು ಸಹಿ ಮಾಡಿಸಲಿಲ್ಲ. ನಾನೇ ಮಾಡಿದೆ.

ಅವನು ನನ್ನ ಮೇಲೆ ಯಾವತ್ತೂ ಕೈ ಇಡಲಿಲ್ಲ. ಇಟ್ಟಿದ್ದರೆ ಚೆನ್ನಾಗಿತ್ತು ಅಂತ ಈ ತಿಂಗಳು ಎಷ್ಟು ಸಲ ಅಂದುಕೊಂಡೆ, ನಿನ್ನ ಮುಂದೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಎಂಥ ಕೆಟ್ಟ ಯೋಚನೆ ನೋಡು.

ನಾನು ಆಗ ಒಂಬತ್ತನೇ ಮೇಜು. ರಫು ಮಾಡುವವಳು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂರುತ್ತಿದ್ದಳು. ಅವಳು ಮುಚ್ಚಿದ ತೂತನ್ನು ನಾನೇ ಹುಡುಕಲಾರದೆ ಸೋಲುತ್ತಿದ್ದೆ, ಅಂಥ ಕೈ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನಗೊಂದು ಪಾಲು ಎತ್ತಿಡುತ್ತಿದ್ದಳು. ಒಂದು ದಿನ ಟೇಪು ಅವಳನ್ನು ಎಬ್ಬಿಸಿ ನಿಲ್ಲಿಸಿದ. ಸೊಂಟದ ಸುತ್ತ ಟೇಪು ಸುತ್ತಿ, ಎಳೆದು ಬಿಗಿ ಮಾಡಿ, ಇಂಚು ಎಷ್ಟು ಅಂತ ಹಾಲಿಗೆಲ್ಲ ಕೇಳುವ ಹಾಗೆ ಓದಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನನ್ನನ್ನೇ ನೋಡುತ್ತಿದ್ದಳು.

ದೂರು ಕೊಟ್ಟಳು. ಸಾಕ್ಷಿಗೆ ನನ್ನ ಹೆಸರು ಕೊಟ್ಟಳು, ಗೆಳತಿ ಅಂತ. ಹಿಂದಿನ ದಿನ ಟೇಪು ನನ್ನ ಮೇಜಿನ ಹತ್ತಿರ ಬಂದು, "ಕಿಟಕಿ ಮೇಜು ಖಾಲಿಯಾಗ್ತಿದೆ, ನಿಮ್ಮ ಕಣ್ಣಿಗೆ ಅದೇ ಸರಿ" ಅಂದ. ಅಷ್ಟೇ. ಹೆದರಿಸಲಿಲ್ಲ, ಬೈಯಲಿಲ್ಲ. ನನ್ನ ಕಣ್ಣು ಆಗ ತುಂಬ ಉರಿಯುತ್ತಿತ್ತು. ಒಂದು ಕಿಟಕಿಗೆ ನಾನು ಅವಳನ್ನು ಮಾರಿದೆ ಪಟಪಟಿ. ಶುಕ್ರವಾರ ಸಹಿ ಹಾಕಿದೆ, ಸೋಮವಾರ ಹನ್ನೆರಡನೇ ಮೇಜಿಗೆ ಹೋಗಿ ಕೂತೆ. ತಿಂಗಳೊಳಗೆ ಅವಳು ಕೆಲಸ ಬಿಟ್ಟಳು. ನಾನು ಹನ್ನೊಂದು ವರ್ಷ ಆ ಬೆಳಕಿನಲ್ಲಿ ಕೂತು, ಬಂದವರಿಗೆಲ್ಲ ಕಲೆ ಬರೆ, ಕೈ ಬರೆಯಬೇಡ ಅಂತ ಪಾಠ ಹೇಳಿದೆ. ಅದು ಮಿಲ್ಲಿನ ಕಾಯಿದೆ ಅಂತ ನೀನು ತಿಳಿದಿದ್ದೀ. ಅದನ್ನು ಕಟ್ಟಿದವಳು ನಾನೇ, ಆ ಸೋಮವಾರದ ನಂತರ.

ದೂರು ಕೊಡಬೇಡ ಅಂತ ನಿನಗೆ ಬರೆದದ್ದು ನಿನ್ನನ್ನು ಕಾಪಾಡಲು ಅಂದುಕೊಳ್ಳಬೇಡ. ಫೈಲು ತೆರೆಯುತ್ತಾರೆ ಅಂತ ಗೊತ್ತಿತ್ತು. ನನ್ನನ್ನು ಕಾಪಾಡಿಕೊಳ್ಳಲು ಬರೆದೆ.

ಇಪ್ಪತ್ತಕ್ಕೆ ನಾನು ಬರುತ್ತೇನೆ. ಈ ಕಾಗದವನ್ನು ಸಮಿತಿಗೆ ಕೊಡಬೇಡ, ಕಾಗದದ ಹಿಂದೆ ಕೂತದ್ದು ಸಾಕು. ನಿನ್ನ ಕೋಣೆಗೆ ಬರುವುದಿಲ್ಲ, ನೀನು ಮಾತಾಡಿಸಲೇಬೇಕು ಅಂತಲೂ ಇಲ್ಲ. ನೇರ ಮಿಲ್ಲಿಗೆ ಬಂದು, ಹೇಳಿ, ಅದೇ ಬಸ್ಸಿಗೆ ವಾಪಸು. ನಿನ್ನ ಅಮ್ಮನಿಗೆ ಎಲ್ಲ ಹೇಳಿದ್ದೇನೆ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ, ಆದರೆ ಬಸ್ಸಿನ ಟಿಕೆಟ್ಟು ಅವಳೇ ತಂದು ಮೇಜಿನ ಮೇಲೆ ಇಟ್ಟಿದ್ದಾಳೆ.

ಚಿಕ್ಕಮ್ಮ

ಏಪ್ರಿಲ್ 26

ಚಿಕ್ಕಮ್ಮ,

ಅವತ್ತು ನೀನು ಕೋಣೆಯಲ್ಲಿ ಇದ್ದೆ, ಆದರೆ ಅಲ್ಲಿ ನಡೆದದ್ದರಲ್ಲಿ ನಿನಗೆ ಕಾಲು ಭಾಗ ಕೂಡ ಕೇಳಿಸಲಿಲ್ಲ ಅಂತ ನಿನ್ನ ಮುಖ ನೋಡಿಯೇ ಗೊತ್ತಾಯಿತು. ಹೇಳಬೇಕಾದದ್ದು ಹೇಳಿ, ಚೀಲ ಎತ್ತಿಕೊಂಡು ನಡೆದೇಬಿಟ್ಟೆ. ಉಳಿದದ್ದು ಇಲ್ಲಿದೆ.

ಮೊದಲಿಗೆ, ನೀನು ಮಾತಾಡಿದ್ದು ಎಷ್ಟು ಜೋರು ಅಂತ ನಿನಗೆ ಅಂದಾಜಿಲ್ಲ. "ನಾನು ನೋಡಿದೆ. ಸುಳ್ಳು ಬರೆದುಕೊಟ್ಟೆ. ಕಿಟಕಿ ಮೇಜಿಗಾಗಿ ಬರೆದುಕೊಟ್ಟೆ" ಅಂತ ನೀನು ಹೇಳಿದ್ದು ಕೋಣೆಗಲ್ಲ, ಮೊಗಸಾಲೆಗಲ್ಲ, ಪರೀಕ್ಷೆಯ ಹಾಲಿನವರೆಗೂ ಕೇಳಿಸಿದೆ. ಮಗ್ಗದ ಸದ್ದಿಗೆ ಪಳಗಿದ ಗಂಟಲು ಅಂದರೆ ಏನು ಅಂತ ಅವತ್ತು ಎಲ್ಲರಿಗೂ ತಿಳಿಯಿತು. ಹನ್ನೆರಡು ಮೇಜೂ ನಿಂತವಂತೆ.

ಟೇಪು ಮ್ಯಾನೇಜರ್ ಕಡೆ ಬಾಗಿ, "ಕಿವುಡಿ ಮಾತು ಯಾರ್ ಕೇಳ್ತಾರೆ ಸರ್" ಅಂದ. ಅದಕ್ಕೆ ವ್ಯಾಕರಣದ ಮೇಡಂ, "ಅವ್ರು ಕೇಳಿದ್ದನ್ನ ಹೇಳ್ತಿಲ್ಲ, ನೋಡಿದ್ದನ್ನ ಹೇಳ್ತಿದ್ದಾರೆ. ಕಣ್ಣು ಸರಿಯಾಗಿದೆ ತಾನೆ?" ಅಂದರು.

ನೀನು ಎದ್ದು ಹೋದ ಐದು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ಹನ್ನೊಂದನೇ ಮೇಜಿನ ಅಕ್ಕ. "ನಾನೂ ನೋಡಿದ್ದೀನಿ. ಏಳು ಸಲ. ತಾರೀಕು ಬರ್ಕೊಂಡಿದ್ದೀನಿ" ಅಂದಳು. ರವಿಕೆಯ ಒಳಗಿಂದ ನಾಲ್ಕಾಗಿ ಮಡಿಚಿದ ಚೀಟಿ ತೆಗೆದಳು. ಇಷ್ಟು ದಿನ ಬರೆದು ಇಟ್ಟುಕೊಂಡಿದ್ದಳು ಚಿಕ್ಕಮ್ಮ! ಹೇಳಲು ಮಾತ್ರ ಧೈರ್ಯ ಇರಲಿಲ್ಲ.

ಇನ್ನು ಅವಳು, ರಫು ಮಾಡುತ್ತಿದ್ದ ನಿನ್ನ ಗೆಳತಿ. ಸಮಿತಿಯವರೇ ಹುಡುಕಿ ಕರೆಸಿದ್ದರು. ಕೊನೆಯ ಬೆಂಚಿನಲ್ಲಿ ಕೂತಿದ್ದಳು. ನೀನು ಹತ್ತಿರ ಹೋಗಿ ಏನೋ ಅಂದೆ, ಅವಳು ಮುಖ ತಿರುಗಿಸಿದಳು. ನೀನು ಹೋದ ಮೇಲೆ ನನ್ನ ಹತ್ತಿರ ಬಂದಳು. "ನಿಮ್ಮ ಚಿಕ್ಕಮ್ಮನಿಗೆ ನಾನು ಕ್ಷಮಿಸಿದೆ ಅಂತ ಬರೀಬೇಡ. ಸುಳ್ಳಾಗುತ್ತೆ" ಅಂದಳು. ಆಮೇಲೆ, "ನನ್ನ ಗಂಡ ಸಾಯೋವರೆಗೂ ನನ್ನ ಮಾತು ಪೂರ್ತಿ ನಂಬಲಿಲ್ಲ. ಇವತ್ತು ನನ್ನ ಮಗಳನ್ನ ಜೊತೇಲಿ ಕರ್ಕೊಂಡು ಬಂದಿದ್ದೆ. ಅವಳು ಹೊರಗೆ ನಿಂತು ಎಲ್ಲಾ ಕೇಳಿಸ್ಕೊಂಡ್ಲು" ಅಂದಳು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ನಿನಗೆ ನೋವಾದರೆ ಆಗಲಿ.

ಗುರುವಾರ ತೀರ್ಪು ಬಂತು, ಎರಡೂ ದೂರು ನಿಜ ಅಂತ. ಆದರೆ ಶುಕ್ರವಾರ ಬೆಳಿಗ್ಗೆ ಬೋರ್ಡಿನ ಮೇಲೆ ನೋಟೀಸು ನೋಡಿದರೆ, "ಸೂಪರ್‌ವೈಸರ್ ಅವರು ಸ್ವಂತ ಕಾರಣಗಳಿಂದ ಬಿಡುಗಡೆ ಹೊಂದಿದ್ದಾರೆ." ನನಗೆ ಸಿಟ್ಟು ತಲೆಗೆ ಏರಿತು. ಕೂಗಾಡಲು ಬಾಯಿ ತೆರೆದೆ, ಅಷ್ಟರಲ್ಲಿ ಹನ್ನೊಂದನೇ ಮೇಜಿನ ಅಕ್ಕ ಒಂದು ಎಳೆ ಕೆಂಪು ನೂಲು ತಂದು ಆ ನೋಟೀಸಿನ ಅಂಚಿಗೆ ಪಿನ್ನಿನಿಂದ ಸಿಕ್ಕಿಸಿದಳು. ಸ್ವಂತ ಕಾರಣ ಅನ್ನುವ ಸಾಲಿಗೆ ನೇರ. ಆಮೇಲೆ ಮೂರನೇ ಮೇಜು. ಆಮೇಲೆ ಏಳು. ಹತ್ತು ನಿಮಿಷದಲ್ಲಿ ಹನ್ನೆರಡು ನೂಲು ನೇತಾಡುತ್ತಿದ್ದವು. ದೋಷ ಇರುವ ಸರಕನ್ನು ನಾವು ಮುಂದಕ್ಕೆ ಬಿಡುವುದಿಲ್ಲ ಅಂತ ಹೇಳಿ ಎಲ್ಲರೂ ಮೇಜಿನ ದೀಪ ಆರಿಸಿ ಕೈ ಕಟ್ಟಿ ಕೂತೆವು. ಮಧ್ಯಾಹ್ನ ಮೂರಕ್ಕೆ ಹೊಸ ನೋಟೀಸು ಬಂತು. "ಲೈಂಗಿಕ ಕಿರುಕುಳ ಕೊಟ್ಟದ್ದು ಸಾಬೀತಾದ ಕಾರಣ ವಜಾ ಮಾಡಲಾಗಿದೆ." ಮಾಡಲಾಗಿದೆ! ಇಲ್ಲೂ ಮಾಡಿದವರು ಯಾರು ಅಂತಿಲ್ಲ ನೋಡು. ಇರಲಿ, ಅಷ್ಟು ಬಿಟ್ಟುಕೊಟ್ಟೆವು.

ಸುರುಳಿಗಳ ರಾಶಿ ತೆಗೆಸಿದ್ದೇವೆ. ಪ್ರತಿ ಮೇಜಿನ ಅಂಚಿಗೇ ಅಳತೆಪಟ್ಟಿ ಅಂಟಿಸಿದ್ದಾರೆ, ಅಗಲ ನೋಡಲು ಯಾರೂ ಯಾರ ಮೇಲೂ ಬಾಗಬೇಕಾಗಿಲ್ಲ. ಕಿಟಕಿಯ ಮೇಜು ಇನ್ನು ವಾರಕ್ಕೊಬ್ಬರಿಗೆ, ಅದನ್ನು ಕೊಡುವ ಬಿಡುವ ಅಧಿಕಾರ ಯಾರ ಕೈಯಲ್ಲೂ ಬೇಡ ಅಂತ ಜಗಳವಾಡಿ ಬರೆಸಿಕೊಂಡೆ. ಹೊಸಬರು ಬಂದರೆ ಮೊದಲ ದಿನ ಒಂದು ಗಂಟೆ ಇಂಥ ವಿಷಯ ತಿಳಿಸಿ ಹೇಳಬೇಕಂತೆ. ಅದು ನನ್ನ ತಲೆಗೆ ಬಂದಿದೆ. ಜೂನ್ ಒಂದಕ್ಕೆ ಒಂಬತ್ತು ಜನ ಸೇರುತ್ತಾರೆ, ಅವರಿಗೆ ಏನು ಹೇಳಲಿ, ನೀನೇ ಹೇಳು.

ಒಂದು ಮಾತು ಕೇಳಬೇಕು. ನಿನ್ನ ಹೊಸ ಹೇಳಿಕೆ ಬಂದಿರುವುದರಿಂದ ಹಳೆಯದನ್ನು ಫೈಲಿನಿಂದ ತೆಗೆಸಬಹುದು ಅಂತ ಮ್ಯಾನೇಜರ್ ಹೇಳಿದರು. ಮಿಲ್ಲಿಗೂ ಒಳ್ಳೆಯದು, ನಿಮ್ಮ ಚಿಕ್ಕಮ್ಮನಿಗೂ ಮರ್ಯಾದೆ ಅಂದರು. ನಾನು ನಿನ್ನ ಮೇಲಿನ ಸಿಟ್ಟು ಬಿಟ್ಟಿಲ್ಲ. ಬಿಡಲು ಎಷ್ಟು ದಿನ ಬೇಕೋ ಗೊತ್ತಿಲ್ಲ. ಆದರೆ ನೀನು ಬಾಗಿಲಲ್ಲಿ ಚೀಲ ಹಿಡಿದು ನಿಂತದ್ದು ಕಂಡಾಗ ಓಡಿ ಬಂದು ತಬ್ಬಿಕೊಳ್ಳಬೇಕು ಅನ್ನಿಸಿತ್ತು, ಅದನ್ನೂ ಬರೆದುಬಿಡುತ್ತೇನೆ. ಆ ಹಾಳೆ ತೆಗೆಸಲಾ?

ಪಟಪಟಿ

ಮೇ 3

ಪಟಪಟಿ,

ತೆಗೆಸಬೇಡ. ನನ್ನ ಮರ್ಯಾದೆಯ ಚಿಂತೆ ಆ ಮ್ಯಾನೇಜರಿಗೆ ಈಗ ಯಾಕೆ ಬಂತು? ಆ ಹಾಳೆ ಹೋದರೆ ಫೈಲು ಚೊಕ್ಕಟ, ಹತ್ತೊಂಬತ್ತು ವರ್ಷ ಅಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಆಗುತ್ತದೆ. ಮ್ಯಾನೇಜರಿಗೆ ಬೇಕಾದದ್ದು ಅದೇ. ಯಾರಾದರೂ ಅದಕ್ಕೆ ಕೈ ಹಾಕಿದರೆ ಮತ್ತೆ ಬಸ್ಸು ಹತ್ತಿ ಬರುತ್ತೇನೆ, ಈ ಸಲ ಇನ್ನೂ ಜೋರಾಗಿ ಮಾತಾಡುತ್ತೇನೆ ಅಂತ ಹೇಳು.

ಅವಳು ಹೇಳಿದ್ದನ್ನು ಬರೆದು ಒಳ್ಳೆಯದು ಮಾಡಿದೆ. ಕ್ಷಮೆ ಕೇಳಲು ನಾನು ಬಂದಿರಲಿಲ್ಲ, ಅವಳು ಕೊಡಬೇಕಾಗಿಯೂ ಇಲ್ಲ. ಮಗಳು ಕೇಳಿಸಿಕೊಂಡಳು ಅಂದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ನಿನ್ನ ಅಮ್ಮನೂ ಓದಿದಳು. ಇವತ್ತು ಬೆಳಿಗ್ಗೆ, "ಕಾಫಿ ಆರ್ತಿದೆ" ಅಂದಳು. ಒಂದು ತಿಂಗಳಲ್ಲಿ ನನಗೆ ಹೇಳಿದ ಮೊದಲ ಮಾತು.

ಹೊಸಬರಿಗೆ ಏನು ಹೇಳಲಿ ಅಂತ ಕೇಳಿದ್ದೀ. ಟೇಪಿನಂಥವರ ಕಥೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಂಥವನು ನಾನಲ್ಲ ಅಂತ ಹಾಯಾಗಿ ಕೂರುತ್ತಾರೆ. ನನ್ನ ಆ ಒಂದು ಸಾಲು ಓದಿ ಹೇಳು. ಕೆಟ್ಟವಳೇನಲ್ಲ, ಗೆಳತಿಯ ಬುತ್ತಿ ಉಂಡವಳು, ಕಣ್ಣು ಚೆನ್ನಾಗಿದ್ದವಳು, ಎರಡು ನಿಮಿಷದಲ್ಲಿ ಇದನ್ನು ಬರೆದುಕೊಟ್ಟಳು ಅನ್ನು. ಅದಕ್ಕೆ ಅವಳಿಗೆ ಏನು ಸಿಕ್ಕಿತು ಅಂತಲೂ ಹೇಳು. ಆಮೇಲೆ ಆ ಕಿಟಕಿ ತೋರಿಸು.

ಓದುವಾಗ ಯಾರೋ ಒಬ್ಬರು ಅನ್ನಬೇಡ. ನನ್ನ ಹೆಸರು ಹೇಳು, ನಿನಗೆ ಏನಾಗಬೇಕು ಅಂತಲೂ ಹೇಳು. ಗಟ್ಟಿಯಾಗಿ ಹೇಳು.

ಚಿಕ್ಕಮ್ಮ